ಮಾವನಿಗೆ ಕಲಿಸಿದ ಕುರುಡುತನ

ಆ ವೀಡಿಯೋ ತೆಗೆದವಳು ನಾನು. ಪಾತಲಿಂಗಪ್ಪನಲ್ಲ. ನನ್ನ ಫೋನಿನಲ್ಲಿ, ನನ್ನ ಕೈಯಿಂದ, ನನ್ನ ಸೋದರಮಾವ ಜುಂಜಣ್ಣನಿಗೆ ಒಂದು ಮಾತೂ ಹೇಳದೆ ತೆಗೆದೆ. ಆಮೇಲೆ ಕೇಳಿದವರಿಗೆಲ್ಲ ನನಗೆ ಗೊತ್ತಿಲ್ಲ ಅಂದೆ. ಮಾವ ಕೇಳಿದಾಗ ಮಾತ್ರ ಹಾಗೆನ್ನಲಿಲ್ಲ — ಅವನಿಗೆ ಒಂದು ಹೆಸರನ್ನೇ ಕೊಟ್ಟೆ. ತಪ್ಪು ಹೆಸರು.

ಬರೆದು ನೋಡಿದರೆ ನಾಲ್ಕೈದು ಸಾಲು. ಇಷ್ಟು ಹೇಳಲು ಎರಡು ವರ್ಷ ಯಾಕೆ ಬೇಕಾಯಿತು ಎಂದರೆ — ಹೇಡಿಗೆ ಎರಡು ವರ್ಷ ಏನೂ ಹೆಚ್ಚಲ್ಲ. ಆ ನಡುವೆ ಒಬ್ಬ ಮನುಷ್ಯ ಸತ್ತ. ಇನ್ನೊಬ್ಬ ಬದುಕಿದ್ದಾನೆ, ಜಗಲಿಯ ಮೇಲೆ ಕೂತಿದ್ದಾನೆ, ಅಷ್ಟೆ.

ನಮ್ಮದು ಆಂಧ್ರದ ಗಡಿಯಲ್ಲಿ, ಅಮರಾಪುರದ ಕಡೆಯ ಒಂದು ಹಳ್ಳಿ. ನನ್ನ ಹೆಸರು ಭಾಗ್ಯ. ಊರಿನ ಅಂಗನವಾಡಿಯಲ್ಲಿ ಟೀಚರ್. ನನಗೆ ಐದು ವರ್ಷವಾಗಿದ್ದಾಗ ಅವ್ವ ಹೋದಳು, ಅಪ್ಪ ಬೇರೆ ಸಂಸಾರ ಕಟ್ಟಿಕೊಂಡ, ಮಾವ ನನ್ನನ್ನು ಎತ್ತಿಕೊಂಡು ಬಂದ. ನನ್ನ ಮದುವೆ ಮುರಿದು ಬಿದ್ದಾಗಲೂ ಅವನೇ ಬಂದು ಕರೆದುಕೊಂಡು ಹೋದ. ತಾನು ಮದುವೆಯಾಗಲಿಲ್ಲ. ಕುರುಡನಿಗೆ ಹೆಣ್ಣು ಕೊಡುವವರು ಯಾರು ಎಂದು ಅವನೇ ನಗುತ್ತಿದ್ದ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಅವನ ಕಣ್ಣಿನ ನರವನ್ನು ತಿಂದುಹಾಕಿತ್ತು. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ದೊಡ್ಡ, ಕಪ್ಪು, ಚೆಂದದ ಕಣ್ಣುಗಳು. ತಮ್ಮನ್ನೇ ನೋಡುತ್ತಿದ್ದಾನೆ ಅಂದುಕೊಂಡು ಹೊಸಬರು ನಮಸ್ಕಾರ ಮಾಡಿದ್ದೂ ಉಂಟು. ಅವನಿಗೆ ಬಿಸಿಲು, ನೆರಳು ಎಂಬಷ್ಟು ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಏನೂ ಇಲ್ಲ.

ಮಾವನಿಗೂ ಅವನ ಗೆಳೆಯ ಪಾತಲಿಂಗಪ್ಪನಿಗೂ ಕುರಿಗಳಿದ್ದವು. ಎರಡು ಹಿಂಡೂ ಒಂದೇ ರೊಪ್ಪದಲ್ಲಿ, ಒಂದೇ ಮುಳ್ಳುಬೇಲಿಯ ಒಳಗೆ. ಹಗಲು ಪಾತಲಿಂಗಪ್ಪ ಮೇಯಿಸಿಕೊಂಡು ಬರುವುದು, ಸಾಯಂಕಾಲ ಮಾವ ಮರಿ ಬಿಡುವುದು — ಇದು ನಾನು ಹುಟ್ಟುವ ಮೊದಲಿನಿಂದ ನಡೆದುಬಂದ ಒಪ್ಪಂದ. ಮರಿ ಬಿಡುವುದೆಂದರೆ ಸುಲಭವಲ್ಲ. ಎಳೆ ಮರಿಗಳು ಹಗಲೆಲ್ಲ ಗೂಡಿನಲ್ಲಿರುತ್ತವೆ. ತಾಯಿಗಳು ಕೆಚ್ಚಲು ತುಂಬಿಕೊಂಡು ಬಂದಾಗ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಗಟ್ಟಿ ಮರಿ ಮೂರು ತಾಯಿಯ ಹಾಲು ಕುಡಿಯುತ್ತದೆ, ಮೆತ್ತನೆಯದು ಉಪವಾಸ ಬೀಳುತ್ತದೆ. ಆದ್ದರಿಂದ ಒಂದೊಂದೇ ಮರಿಯನ್ನು ಹಿಡಿದು ಅದರ ತಾಯಿಗೇ ಬಿಡಬೇಕು. ಮಾವ ರೊಪ್ಪದ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಮರಿಯ ನೆತ್ತಿ ಮೂಸಿ, ಹೆಬ್ಬೆರಳಿನಿಂದ ಕಿವಿಯ ಅಂಚು ಸವರಿ, “ಇದು ಮೊಂಡೀದು” ಅನ್ನುತ್ತಿದ್ದ. ಅಷ್ಟರಲ್ಲಿ ತಾಯಿಕುರಿ ಮೊಂಡಿ ಅರಚಿಕೊಂಡು ಬಂದು ನಿಂತಿರುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ. ಎರಡು ಕಣ್ಣಿದ್ದ ಪಾತಲಿಂಗಪ್ಪ ದಿನಕ್ಕೆ ನಾಲ್ಕು ತಪ್ಪುತ್ತಿದ್ದ.

“ಲೋ ಕುರುಡ, ನಿನ್ ಮೂಗ್ನ ಒಂದಿನ ಕೊಡೋ ನಂಗೆ,” ಅನ್ನುತ್ತಿದ್ದ ಪಾತಲಿಂಗಪ್ಪ.

“ನಿನ್ ಕಣ್ ಕೊಟ್ಟು ತಗಂಡೋಗು,” ಅನ್ನುತ್ತಿದ್ದ ಮಾವ. ದಿನವೂ ಅದೇ ಮಾತು, ದಿನವೂ ಅದೇ ನಗು.

ಮಾವನಿಗೆ ಅಂಗವಿಕಲರ ಪಿಂಛಣಿ ಬರುತ್ತಿತ್ತು. ತಿಂಗಳ ಮೊದಲ ದಿನ ಸಚಿವಾಲಯದವರು — ನಮ್ಮ ಆಂಧ್ರದಲ್ಲಿ ಊರಿನ ಸರ್ಕಾರಿ ಕಚೇರಿಗೆ ಹಾಗೆನ್ನುತ್ತೇವೆ — ಬೈಕಿನಲ್ಲಿ ಬಂದು ಬಾಗಿಲಲ್ಲೇ ಕೊಟ್ಟುಹೋಗುತ್ತಿದ್ದರು. ಆ ದಿನ ಅವನು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಕಾಯುತ್ತಿದ್ದ. “ಇದೊಂದ್ ಇರೋಗಂಟ ನಾನ್ ಯಾರ್ಗೂ ಭಾರ ಅಲ್ಲ ಕಣವ್ವ,” ಅನ್ನುತ್ತಿದ್ದ. ನೀನು ನನಗೆ ಭಾರವೇ ಮಾವ ಎಂದು ನಾನು ರೇಗುತ್ತಿದ್ದೆ. ರೇಗಿದರೂ, ಆ ಒಂದು ದಿನ ಅವನ ಬೆನ್ನು ನೆಟ್ಟಗಾಗುವುದನ್ನು ನೋಡುತ್ತಿದ್ದೆ.

ಇನ್ನು ಆ ವೀಡಿಯೋ. ಯಾಕೆ ತೆಗೆದೆ? ಹೆಮ್ಮೆಯಿಂದ ತೆಗೆದೆ ಎಂದರೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಂಗನವಾಡಿ ಟೀಚರುಗಳ ಗುಂಪಿನಲ್ಲಿ ಒಬ್ಬೊಬ್ಬರೂ ತಮ್ಮ ಮಕ್ಕಳ ಕುಣಿತ, ಮನೆಯ ಅಲಂಕಾರ ಹಾಕಿ ಹೊಗಳಿಸಿಕೊಳ್ಳುತ್ತಿದ್ದರು. ನನ್ನ ಹತ್ತಿರ ಹಾಕಲು ಮಕ್ಕಳೂ ಇರಲಿಲ್ಲ, ಅಲಂಕಾರವೂ ಇರಲಿಲ್ಲ. ಮಾವ ಇದ್ದ. ಒಂದು ಸಾಯಂಕಾಲ ರೊಪ್ಪದ ಬೇಲಿಯ ಪಕ್ಕ ನಿಂತು ತೆಗೆದೆ. ಅವನಿಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದ. ಕಾಣದವನಿಗೆ ಹೇಳದಿದ್ದರೆ ಗೊತ್ತಾಗುವುದೂ ಇಲ್ಲ — ಆ ಸವಲತ್ತನ್ನು ಬಳಸಿಕೊಂಡೆ, ನೋಡಿ. ಆಚೆ ಕೊನೆಯಲ್ಲಿ ಕುರಿಗಳಿಗೆ ನೀರು ಹುಯ್ಯುತ್ತಿದ್ದ ಪಾತಲಿಂಗಪ್ಪ ಒಮ್ಮೆ ತಲೆಯೆತ್ತಿ ನನ್ನನ್ನು, ನನ್ನ ಫೋನನ್ನು ನೋಡಿ ನಕ್ಕ.

ವೀಡಿಯೋದಲ್ಲಿ ಒಂದು ಗಳಿಗೆಯಿದೆ. ಮಾವ ಒಂದು ಮರಿಯನ್ನು ತಾಯಿಗೆ ಬಿಡುತ್ತಿರುವಾಗ ಇನ್ನೊಂದು ಕಳ್ಳಮರಿ ಅವನ ಬೆನ್ನ ಹಿಂದಿನಿಂದ ನುಗ್ಗುತ್ತದೆ. ಅವನು ಮುಖವನ್ನೂ ತಿರುಗಿಸದೆ ಎಡಗೈ ಹಿಂದಕ್ಕೆ ಚಾಚಿ ಅದರ ಹಿಂಗಾಲನ್ನು ಗಪ್ಪನೆ ಹಿಡಿಯುತ್ತಾನೆ. ಎಲ್ಲರೂ ಮೆಚ್ಚಿದ್ದು ಅದನ್ನೇ. ನಮ್ಮ ಗುಂಪಿನಿಂದ ಅದು ಯಾರ್ಯಾರದೋ ಫೋನಿಗೆ ಹೋಯಿತು, ಯಾರೋ ಅದಕ್ಕೆ ಹಾಡು ಸೇರಿಸಿದರು, ಶಿರಾದಲ್ಲಿ ನೋಡಿದೆವು ಹಿಂದೂಪುರದಲ್ಲಿ ನೋಡಿದೆವು ಎಂದು ಗುಂಪಿನಲ್ಲಿ ಸುದ್ದಿ ಬಂತು, ಮಾವನ ಕಿವಿಗೆ ಮಾತ್ರ ಬೀಳಲಿಲ್ಲ. ತೆಗೆದವರ ಹೆಸರು ಎಲ್ಲೋ ಉದುರಿಹೋಗಿತ್ತು. ಆಗ ಅದಕ್ಕೆ ಹೊಟ್ಟೆ ಉರಿದುಕೊಂಡೆ. ಆಮೇಲೆ ಅದೇ ನನ್ನ ಪುಣ್ಯ ಅಂದುಕೊಂಡೆ.

ಮರುವರ್ಷ ನೋಟೀಸು ಬಂತು. ಅಂಗವಿಕಲರ ಸರ್ಟಿಫಿಕೇಟುಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡುತ್ತಾರೆ, ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಬಂದರೆ ಪಿಂಛಣಿ ಇಲ್ಲ. ಕಾಲಿಲ್ಲದವರು, ಕಿವಿ ಕೇಳದವರು, ಎಲ್ಲರ ಮನೆಯಲ್ಲೂ ಅದೇ ಮಾತು. ಸುಳ್ಳು ಸರ್ಟಿಫಿಕೇಟು ಮಾಡಿಸಿಕೊಂಡವರ ಮೇಲೆ ಕೇಸು ಹಾಕುತ್ತಾರಂತೆ, ಮಾಡಿಸಿಕೊಟ್ಟವರ ಮೇಲೂ ಹಾಕುತ್ತಾರಂತೆ — ಎಲ್ಲವೂ ಅಂತೆಕಂತೆ. ಆದರೆ ಅಂತೆಗೂ ನಿದ್ದೆ ಕೆಡಿಸುವ ಶಕ್ತಿಯಿದೆ. ಮಾವನ ಮೊದಲ ಸರ್ಟಿಫಿಕೇಟಿಗೆ ಜೊತೆಯಲ್ಲಿ ಓಡಾಡಿ ಸಹಿ ಹಾಕಿದವಳು ನಾನು. ನನ್ನ ಕೆಲಸವೂ ಸರ್ಕಾರದ ಕೃಪೆಯದೇ.

ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು, ತೆಲುಗಿನವರು, ಒರಟರಲ್ಲ. ಯಂತ್ರದಲ್ಲಿ ಮಾವನ ಕಣ್ಣು ನೋಡುತ್ತಿದ್ದಾಗ, ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಟ್ಟನೆ ಎದ್ದು ನಿಂತಳು. ಸಾರ್, ಈ ತಾತನನ್ನು ನಾನು ಫೋನಿನಲ್ಲಿ ನೋಡಿದ್ದೇನೆ, ಕುರಿಮರಿ ಹಿಡಿಯುವ ತಾತ ಎಂದು ತೆಲುಗಿನಲ್ಲಿ ಖುಷಿಯಿಂದ ಹೇಳಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ. ದೊಡ್ಡ ಮನುಷ್ಯರೊಬ್ಬರನ್ನು ಗುರುತು ಹಿಡಿದ ಸಂತೋಷ, ಅಷ್ಟೆ. ಹುಡುಕಿ ತೆಗೆದು ಡಾಕ್ಟರಿಗೆ ತೋರಿಸಿದಳು.

ಡಾಕ್ಟರು ನೋಡಿದರು. ಆ ಗಳಿಗೆಯನ್ನು — ಎಡಗೈ, ಹಿಂಗಾಲು, ಗಪ್ಪನೆ — ಹಿಂದಕ್ಕೆ ತಂದು ಮತ್ತೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಈ ವೀಡಿಯೋ ಎವರು ತೀಶಾರಮ್ಮಾ?” ಅಂದರು. ಯಾರು ತೆಗೆದದ್ದು?

ಅಲ್ಲಿ ನಾನು ಹೇಳಬೇಕಿದ್ದದ್ದು ಎಷ್ಟೊಂದಿತ್ತು. ನಾನೇ ತೆಗೆದದ್ದು ಸಾರ್. ಅವನು ಸದ್ದಿನ ಮೇಲೆ ಹಿಡಿಯುತ್ತಾನೆ, ವಾಸನೆಯ ಮೇಲೆ ಹೇಳುತ್ತಾನೆ. ಬೇಕಾದರೆ ಊರಿಗೆ ಬನ್ನಿ, ಕಣ್ಣಿಗೆ ಬಟ್ಟೆ ಕಟ್ಟಿ ನೋಡಿ. ಕಣ್ಣಿದ್ದವನು ಮುಖ ತಿರುಗಿಸಿ ಹಿಡಿಯುತ್ತಾನೆ ಸಾರ್, ಇವನು ತಿರುಗಿಸಲಿಲ್ಲ, ಅದನ್ನು ನೋಡಿ — ಇಷ್ಟು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವರು ಕೇಳಿದ ಕೂಡಲೇ ನನ್ನ ಕೈ ಬ್ಯಾಗಿನೊಳಗಿದ್ದ ಫೋನನ್ನು ಹಿಡಿದುಕೊಂಡಿತು. ಕೇಸು, ಕೆಲಸ, ಸಹಿ.

“ತೆಲೀದು ಸಾರ್,” ಅಂದೆ. ಗೊತ್ತಿಲ್ಲ.

ಮಾವ ಪಕ್ಕದಲ್ಲೇ ಕೂತಿದ್ದ. ಅವನಿಗೂ ತೆಲುಗು ಬರುತ್ತದೆ. ಅವನು ಮುಖವನ್ನು ನನ್ನ ಕಡೆ ತಿರುಗಿಸಿ, ಮತ್ತೆ ಆ ಕಡೆ ತಿರುಗಿಸಿದ. ಗೋಡೆಯ ಮೇಲಿನ ಅಕ್ಷರ ಕೇಳಿದರು, ಕಾಣಲ್ಲ ಸ್ವಾಮಿ ಅಂದ. ಬೆರಳು ಎಷ್ಟು ಎಂದು ಕೇಳಿದರು, ಕಾಣಲ್ಲ ಸ್ವಾಮಿ ಅಂದ. ನಿಜ ಹೇಳುತ್ತಿದ್ದವನು ಆ ಕೋಣೆಯಲ್ಲಿ ಅವನೊಬ್ಬನೇ, ಅವನೊಬ್ಬನನ್ನೇ ಯಾರೂ ನಂಬಲಿಲ್ಲ. ಕೆಲವು ದಿನಕ್ಕೆ ಕಾಗದ ಬಂತು. ಮೂವತ್ತು. ಪಿಂಛಣಿ ನಿಂತಿತು, ಬೇಕಾದರೆ ಅಪೀಲು ಹಾಕಿಕೊಳ್ಳಬಹುದು.

ಆ ಕಾಗದ ಬಂದ ದಿನ ಮಾವ ಕೇಳಿದ: “ನನ್ನ ಚಿತ್ರ ತೆಗೆದೋನು ಯಾರವ್ವ? ರೊಪ್ಪದಾಗೆ ನಾವ್ ಮೂರ್ ಜನ ಬಿಟ್ಟು ಯಾರ್ ಬರ್ತಾರೆ?”

ಮೂರು ಜನ. ಅವನು, ನಾನು, ಪಾತಲಿಂಗಪ್ಪ. ನನ್ನ ಮೇಲೆ ಅವನಿಗೆ ಸಂಶಯವೇ ಬಂದಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಬಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ... ಇಲ್ಲ, ಈಗ ಹೀಗೆ ಬರೆಯುವುದು ಸುಲಭ. ವೀಡಿಯೋ ತೆಗೆದ ವರ್ಷವೇ ಪಾತಲಿಂಗಪ್ಪನಿಗೆ ಮಗಳು ಹೊಸ ಫೋನು ಕೊಡಿಸಿದ್ದಳು. ನಾನು ಅಷ್ಟೇ ಹೇಳಿದೆ. “ಪಾತಲಿಂಗಪ್ಪ ಹೊಸ ಫೋನ್ ತಗಂಡಿದ್ನಲ್ಲ ಮಾವ,” ಅಂದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರದ ಮಾತು. ಹಾವೂ ಸತ್ತಿತು, ಕೋಲೂ ಮುರಿಯಿತು.

ಅಂದು ಸಾಯಂಕಾಲ ರೊಪ್ಪದ ಬಾಗಿಲಲ್ಲಿ ಮಾವ ಅವನನ್ನು ಕೇಳಿದ. ಬೈದು ಕೇಳಿದ. ನಲವತ್ತು ವರ್ಷದಲ್ಲಿ ಬೈದದ್ದೆಲ್ಲ ತಮಾಷೆಗೆ, ಅದೊಂದು ಬಿಟ್ಟು. ಪಾತಲಿಂಗಪ್ಪ, “ನಾನಲ್ಲ ಕಣೋ,” ಅಂದ. ಆಮೇಲೆ ನನ್ನನ್ನು ನೋಡಿದ. ಬೇಲಿಯ ಪಕ್ಕ, ವೀಡಿಯೋ ತೆಗೆದ ಜಾಗದಲ್ಲೇ, ನಿಂತಿದ್ದೆ ನಾನು. ಅವನು ಕಾದ. ಒಂದು ಮರಿ ಬಿಡುವಷ್ಟು ಹೊತ್ತು ಕಾದ. ನಾನು ಬಗ್ಗಿ ಸೆರಗಿಗೆ ಅಂಟಿದ ಮುಳ್ಳು ಬಿಡಿಸಿಕೊಳ್ಳುತ್ತ ನಿಂತೆ, ಸೆರಗಿನಲ್ಲಿ ಮುಳ್ಳಿರಲಿಲ್ಲ.

ಪಾತಲಿಂಗಪ್ಪ ತನ್ನ ಕುರಿಗಳನ್ನು ಬೇರೆ ಮಾಡಿಕೊಂಡು ಹೋದ. ಹಲವು ದಿನಗಳ ಮೇಲೆ ಅಂಗನವಾಡಿಯ ಬಾಗಿಲಿಗೆ ಬಂದು, ಒಳಗೆ ಬಾರದೆ, ಇಷ್ಟು ಹೇಳಿದ: “ನಾನೇ ಹೇಳ್ಬೋದಿತ್ತು ಕಣವ್ವ. ಹೇಳಿದ್ರೆ ಅವನಿಗೆ ನೀನೂ ಇಲ್ದಂಗಾಗ್ತೀಯ. ಯಾವತ್ತಾನ ನೀನೇ ಹೇಳು.”

ಹ್ಞೂಂ ಅಂದೆ. ಹೇಳುತ್ತೇನೆ ಎಂದು ಆ ಕ್ಷಣ ನಿಜವಾಗಿಯೂ ಅಂದುಕೊಂಡಿದ್ದೆ.

ಮೇಯಿಸುವವರಿಲ್ಲದೆ ನಮ್ಮ ಕುರಿಗಳನ್ನು ಮಾರಿದೆವು. ಮೂರ್ನಾಲ್ಕು ಮಾತ್ರ ಉಳಿದವು. ಅಪೀಲು ಹಾಕಿದ್ದೆವು; ಹೆಸರು ಬಂತು, ಮರುಪರೀಕ್ಷೆಯ ದಿನ ಗೊತ್ತಾಗಲಿಲ್ಲ, ಇನ್ನೇನು ಕರೆಯುತ್ತಾರೆ ಅಂದರು. ನನ್ನ ತಲೆಯಲ್ಲಿ ಒಂದೇ ಹುಚ್ಚು: ಈ ಸಲ ತಪ್ಪಬಾರದು. ಯಾರಾದರೂ ಬಂದು ನೋಡಿ ಹೋಗಿ ಬರೆದುಬಿಟ್ಟರೆ? ರೊಪ್ಪಕ್ಕೆ ಇಳಿಯಬೇಡ ಮಾವ. ಮರಿ ಮುಟ್ಟಬೇಡ. ಬಾವಿಕಟ್ಟೆಗೆ ಒಬ್ಬನೇ ಹೋಗಬೇಡ, ಕೋಲು ಹಿಡಿ, ಯಾರದಾದರೂ ಹೆಗಲು ಹಿಡಿ. ಅವನು ಕೋಲು ಹಿಡಿದವನೇ ಅಲ್ಲ. ಊರಿನ ಒಂದೊಂದು ಕಲ್ಲೂ ಅವನ ಪಾದಕ್ಕೆ ಗೊತ್ತಿತ್ತು.

ಅಷ್ಟಕ್ಕೂ ನನಗೆ ಸಮಾಧಾನವಾಗಲಿಲ್ಲ. ನನ್ನ ಕಸುಬೇ ಅಭಿನಯ ಕಲಿಸುವುದು — ತೋಳನ್ನು ಆನೆಯ ಸೊಂಡಿಲು ಮಾಡುವುದು, ಬೆರಳನ್ನು ಮೊಲದ ಕಿವಿ ಮಾಡುವುದು. ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಮಾವನಿಗೆ ಕುರುಡನಾಗುವುದನ್ನು ಕಲಿಸಿದೆ. ಕೈ ಮುಂದೆ ಚಾಚಿ ನಡಿ. ಮೇಜಿಗೆ ಮಂಡಿ ತಾಗಿಸಿಕೊ. ಕರೆದ ತಕ್ಷಣ ಆ ಕಡೆ ತಿರುಗಬೇಡ, ಸ್ವಲ್ಪ ತಡಕಾಡು. ಮಕ್ಕಳ ಸಣ್ಣ ಕುರ್ಚಿಗಳನ್ನು ದಾರಿಗೆ ಅಡ್ಡ ಇಟ್ಟು, ಎಡವು ಮಾವ, ಎಡವು ಅನ್ನುತ್ತಿದ್ದೆ. ಅವನಿಗೆ ಬರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಒಂದು ದಿನ ಗದರಿಯೂಬಿಟ್ಟೆ.

“ಐವತ್ತ್ ವರ್ಸದಿಂದ ಕುರುಡಾಗಿದೀನಿ ಕಣವ್ವ,” ಅಂದ ಅವನು. “ಅದನ್ನೂ ನೀನೇ ಹೇಳ್ಕೊಡ್ಬೇಕಾ?”

ಆದರೂ ಕಲಿತ. ನನಗೋಸ್ಕರ ಕಲಿತ ಎಂದೇ ತೋರುತ್ತದೆ.

ಎರಡನೇ ಪರೀಕ್ಷೆಯಲ್ಲಿ ಬೇರೆ ಡಾಕ್ಟರು. ಮಾವ ಕೈಚಾಚಿ ನಡೆದ, ಮೇಜಿನ ಹತ್ತಿರ ಬಂದು ಒಂದು ಗಳಿಗೆ ನಿಂತು — ಆಮೇಲೆ ಮಂಡಿ ತಾಗಿಸಿಕೊಂಡ. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಮೇಜಿನಿಂದ ಡಾಕ್ಟರ ಪೆನ್ನು ಉರುಳಿ ಬಿತ್ತು. ಮಾವ ಸದ್ದು ಕೇಳಿದವನೇ ಬಗ್ಗಿ, ಎತ್ತಿಕೊಂಡು, “ತಗೊಳ್ಳಿ ಸ್ವಾಮಿ,” ಎಂದು ಸರಿಯಾಗಿ ಅವರ ಕೈಗೇ ಕೊಟ್ಟ. ಯಾರಿಗಾದರೂ ಏನಾದರೂ ಬಿದ್ದರೆ ಎತ್ತಿಕೊಡುವುದು ಅವನ ಸ್ವಭಾವ. ಅದನ್ನು ಮರೆಸಲು ನಾನು ಮರೆತಿದ್ದೆ.

ಡಾಕ್ಟರು ರೇಗಲಿಲ್ಲ. ಮಂಡಿಯನ್ನು ನೋಡಿದರು, ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು. “ಯಾಕಮ್ಮಾ ಇದೆಲ್ಲ?” ಅಂದರು. ನಿಜವಾದ ಕುರುಡನೊಬ್ಬ ಅವರ ಮುಂದೆ ಸುಳ್ಳು ಕುರುಡನಾಗಿ ಕೂತಿದ್ದ, ಹಾಗೆ ಮಾಡಿ ಕೂರಿಸಿದವಳು ನಾನು. ಮತ್ತೆ ಮೂವತ್ತು.

ಪಾತಲಿಂಗಪ್ಪ ಹೋದದ್ದು ಕಳೆದ ಬೇಸಿಗೆಯಲ್ಲಿ. ಎದೆನೋವು ಅಂದನಂತೆ, ಮಡಕಶಿರಕ್ಕೆ ಕರೆದೊಯ್ಯಲು ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಅವರ ಬೀದಿಯಿಂದ ಅಳು ಕೇಳುತ್ತಿತ್ತು. ಮಾವ ಜಗಲಿಯಿಂದ ಎದ್ದು ನಿಂತ, ಕೂತ, ಮತ್ತೆ ಎದ್ದ. “ಮಣ್ಣಿಗೆ ಹೋಗ್ಲಾ ಭಾಗ್ಯ?” ಅಂದ. “ಅವನು ನಂಗೆ ಹಂಗ್ ಮಾಡ್ದ. ಆದ್ರೂ ಒಂದ್ ಹಿಡಿ ಮಣ್ ಹಾಕ್ ಬರ್ಲಾ? ನೀನ್ ಹೇಳು.”

ಅವನು ಹಾಗೆ ಮಾಡಲಿಲ್ಲ ಮಾವ — ಈ ನಾಲ್ಕು ಪದ ಸಾಕಿತ್ತು. ಹೆಣ ಎತ್ತುವ ಮೊದಲು ಹೇಳಿದ್ದರೆ ಮಾವ ಹೋಗುತ್ತಿದ್ದ, ಗೆಳೆಯನ ಮುಖ ಸವರುತ್ತಿದ್ದ, ಕ್ಷಮಿಸು ಅನ್ನುತ್ತಿದ್ದ. ನಾನು, “ನಿನ್ನಿಷ್ಟ ಮಾವ,” ಅಂದೆ. ಅವನು ಕೂತುಬಿಟ್ಟ. ತಮಟೆಯ ಸದ್ದು ಊರಾಚೆಗೆ ಹೋಗುವವರೆಗೂ ಮುಖವನ್ನು ಆ ಕಡೆಯೇ ಇಟ್ಟುಕೊಂಡು ಕೂತಿದ್ದ. ಇದಕ್ಕೆ ಕೇಸಿನ ಭಯವೂ ಕಾರಣವಲ್ಲ, ಕೆಲಸದ ಭಯವೂ ಅಲ್ಲ. ಆಗ ಅವೆಲ್ಲ ತಣ್ಣಗಾಗಿದ್ದವು. ಇದಕ್ಕೆ ಕಾರಣ ನಾನು ಮಾತ್ರ.

ಇನ್ನೊಂದು ಸಲ ಪರೀಕ್ಷೆ ಇದೆ ಎಂದು ಊರಲ್ಲಿ ಈಗಲೂ ಅನ್ನುತ್ತಿದ್ದಾರೆ. ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ಮಾವ ಕೋಲಿಗೆ ತಡಕಾಡುತ್ತಾನೆ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ತಡಕಾಡುತ್ತಾನೆ. ಒಂದನೇ ತಾರೀಖು ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟಿದ್ದಾನೆ. ಅನ್ನ ಬಡಿಸಿದರೆ ಸಾಕು ಸಾಕು ಅನ್ನುತ್ತಾನೆ, ಹೊಟ್ಟೆ ತುಂಬುವ ಮೊದಲೇ.

ಹೋದ ವಾರ ಪಾತಲಿಂಗಪ್ಪನ ಮಗಳು ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಅಪ್ಪ ಹೋದ ಮೇಲೆ ರೊಪ್ಪ ನೋಡಿಕೊಳ್ಳುತ್ತಿರುವವಳು ಅವಳೇ. ಎರಡು ಕುರಿ ಒಂದೇ ದಿನ ಈದಿವೆ, ಒಂದು ತಾಯಿಯೂ ಈ ಮರಿಯನ್ನು ಸೇರಿಸುತ್ತಿಲ್ಲ, ಯಾವುದರದ್ದೆಂದು ತಿಳಿಯುತ್ತಿಲ್ಲ. “ದೊಡ್ಡಪ್ಪಾ, ನೀನ್ ಹೇಳಿದ್ರೆ ಉಳೀತದೆ,” ಅಂದಳು. ಸಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದಿದ್ದಳು, ಆ ಮಗು.

ಮಾವ ಮರಿಯನ್ನು ಮಡಿಲಿಗೆ ತೆಗೆದುಕೊಂಡ. ಎಷ್ಟು ದಿನಗಳಾದ ಮೇಲೋ. ನೆತ್ತಿ ಮೂಸಿದ. ಹೆಬ್ಬೆರಳು ಕಿವಿಯ ಅಂಚಿನಲ್ಲಿ ಜಾರುತ್ತ ಹೋಗಿ ಒಂದು ಕಡೆ ನಿಂತಿತು. ನಾನು ನೋಡಿದೆ, ನಿಂತಿತು. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಕೂತಿದ್ದರು. ಬಾಗಿಲಲ್ಲಿ ನಾನಿದ್ದೆ.

“ಗೊತ್ತಾಗ್ಲಿಲ್ಲ ಕಣವ್ವ,” ಅಂದು ಮರಿಯನ್ನು ವಾಪಸು ಕೊಟ್ಟ.

ನಿಜವಾಗಿಯೂ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹಾಗೆಂದನೋ — ಅಂದಿನಿಂದ ಇದೊಂದೇ ಯೋಚನೆ. ಅವನ ಮುಖ ನೋಡಿ ಎಲ್ಲವನ್ನೂ ಹೇಳಬಲ್ಲೆ ಅಂದುಕೊಂಡಿದ್ದವಳು ನಾನು. ಈಗ ನನಗೂ ಹೇಳಲಾಗುತ್ತಿಲ್ಲ. ಮರಿ ಎರಡು ದಿನಕ್ಕೆ ಸತ್ತಿತಂತೆ.

ಮಾವ, ಇದನ್ನು ನಿನಗೆಂದೇ ಬರೆದೆ. ಬರೆಯುತ್ತ ಬರೆಯುತ್ತ ತಿಳಿಯಿತು — ಓದಲಾರದವನಿಗೆ ಬರೆಯುವುದೂ ನನ್ನ ಹಳೆಯ ಚಾಳಿಯೇ. ಅಂದು ಕಾಣದವನ ಚಿತ್ರ ತೆಗೆದೆ, ಇಂದು ಕಾಣದವನಿಗೆ ಕಾಗದ ಬರೆದೆ. ಅದಕ್ಕೆ ಇವತ್ತು, ಕುರಿಗಳು ಊರಿಗೆ ಬರುವ ಹೊತ್ತಿಗೆ, ನಿನ್ನ ಪಕ್ಕದಲ್ಲಿ ಕೂತು ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ; ಕೊಡಬೇಕಾದವನು ಮಣ್ಣಿನಲ್ಲಿದ್ದಾನೆ. ಪಿಂಛಣಿ ಇದರಿಂದ ಬರುವುದಿಲ್ಲ, ಅವನೂ ಬರುವುದಿಲ್ಲ.

ಓದಿ ಮುಗಿದ ಮೇಲೆ ನೀನು ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಬೇಕು ಅನ್ನುತ್ತೀಯ, ನನಗೆ ಗೊತ್ತು. ನಾನು ಕೈ ಚಾಚುತ್ತೇನೆ. ನೀನು ಹಿಡಿಯದಿದ್ದರೆ ಹಿಡಿಯಬೇಡ. ಕೋಲನ್ನೂ ಹಿಡಿಯಬೇಡ. ಹಳೆಯ ರೊಪ್ಪ ದಾಟಿ ಹೋಗುವ ದಾರಿ ಅದು, ನಿನ್ನ ಪಾದಕ್ಕೆ ಗೊತ್ತಿರುವ ದಾರಿ. ಗೊತ್ತಿಲ್ಲ ಎಂದು ಮಾತ್ರ ಅನ್ನಬೇಡ ಮಾವ, ನನ್ನ ಮುಂದೆ.